ಇಟ್ಟಿಗೆಯ ಗೆರೆ ಯಾರ ಸ್ವತ್ತು?

ಪೂರ್ವಮೀಮಾಂಸಕರು ಒಂದೊಂದು ಅಧಿಕರಣವನ್ನೂ ಐದು ಅಂಗಗಳಲ್ಲಿ ಕಟ್ಟುತ್ತಿದ್ದರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಐದನೆಯದಾಗಿ ಸಂಗತಿ ಅಥವಾ ನಿರ್ಣಯ. ಯಜ್ಞದ ಹವಿಸ್ಸಿಗಾಗಿ ಹುಟ್ಟಿದ ಕ್ರಮವನ್ನು ಕಂಪ್ಯೂಟರಿನ ಒಂದು ಗೆರೆಗೆ ಹಚ್ಚುವುದು ತುಸು ಅತಿಯಾಯಿತು ಅನ್ನಿಸಬಹುದು. ಆದರೆ ವಾಸ್ತುಶಿಲ್ಪಿಗಳ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಈ ಗೆರೆಯ ಮೇಲೆ ನಡೆದಷ್ಟು ಜಗಳ ಕಂಬದ ಅಳತೆಯ ಮೇಲೂ ನಡೆದಿಲ್ಲ. ಜಗಳವನ್ನು ವಾದವಾಗಿಸಲು ಹಳೆಯ ಕ್ರಮಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ವಿಷಯ

ರೆವಿಟ್ ಎಂಬ ನಕ್ಷೆಯ ಸಾಫ್ಟ್‌ವೇರಿನಲ್ಲಿ ಒಂದು ಗೋಡೆ ಎಳೆದು ಅದಕ್ಕೆ ಇಟ್ಟಿಗೆಯ ಮೆಟೀರಿಯಲ್ ಕೊಟ್ಟರೆ, ಎಲಿವೇಶನ್‌ನಲ್ಲಿ ವರಸೆಗಳು ತಾವಾಗಿಯೇ ಮೂಡುತ್ತವೆ. ಟ್ರೇಸಿಂಗ್ ಶೀಟಿನ ಕಾಲದಲ್ಲಿ ಅದು ಅರ್ಧ ದಿನದ ಕೆಲಸ. ಮೆಟೀರಿಯಲ್‌ನ ಗ್ರಾಫಿಕ್ಸ್ ಪುಟದಲ್ಲಿ ಮೇಲ್ಮೈಗೊಂದು ಪ್ಯಾಟರ್ನ್, ಕತ್ತರಿಸಿದಾಗ ಕಾಣುವುದಕ್ಕೊಂದು ಪ್ಯಾಟರ್ನ್. 2019ರ ಆವೃತ್ತಿಯಿಂದ ಈಚೆಗೆ ಎರಡಕ್ಕೂ ಮುನ್ನೆಲೆ, ಹಿನ್ನೆಲೆ ಎಂಬ ಎರಡೆರಡು ಪದರ. ಯಾವ ಪ್ಯಾಟರ್ನ್, ಯಾವ ಬಣ್ಣ ಎಂದು ಪುಟ ಕೇಳುತ್ತದೆ. ಗೆರೆ ಎಷ್ಟು ದಪ್ಪ ಎಂದು ಮಾತ್ರ ಎಲ್ಲೂ ಕೇಳುವುದಿಲ್ಲ. ಒಂದು ವ್ಯೂಗೆ ಸೀಮಿತವಾಗಿ ಪ್ಯಾಟರ್ನ್ ಬದಲಿಸುವ ಕಿಟಕಿ ತೆರೆದರೂ ಅಷ್ಟೇ: ಕಾಣಬೇಕೋ ಬೇಡವೋ, ಯಾವ ಪ್ಯಾಟರ್ನ್, ಯಾವ ಬಣ್ಣ. ಪಕ್ಕದ ಖಾನೆಯಲ್ಲಿ ಅಂಚಿನ ಗೆರೆಗಳಿಗೆ ದಪ್ಪ ಕೊಡಬಹುದು. ಆದರೆ ಅದು ಗೋಡೆಯ ಅಂಚಿಗೆ, ಗೋಡೆಯ ಮೈಮೇಲಿನ ಇಟ್ಟಿಗೆಗಲ್ಲ.

ದಪ್ಪ ಇರುವುದು ಬೇರೊಂದು ಕಡೆ. ರೆವಿಟ್‌ನ ಮಾಡೆಲ್ ಗೆರೆಗಳಿಗೆ 16 ಪೆನ್ನುಗಳ ಒಂದು ಪಟ್ಟಿಯಿದೆ. ಅಡ್ಡಕ್ಕೆ ಸ್ಕೇಲುಗಳು: 1:10, 1:20, 1:50, 1:100, 1:200, 1:500. ಒಂದೊಂದು ಪೆನ್ನಿಗೂ ಒಂದೊಂದು ಸ್ಕೇಲಿನಲ್ಲಿ ಎಷ್ಟು ಮಿಲಿಮೀಟರ್ ಎಂದು ಅಲ್ಲಿ ಬರೆಯುತ್ತೇವೆ. ಪ್ಯಾಟರ್ನ್ ಗೆರೆಗಳು ರೂಢಿಯಲ್ಲಿ 1ನೇ ಪೆನ್ನಿನಿಂದ ಬರುತ್ತವೆ. ಇಟ್ಟಿಗೆ, ಗ್ರಾನೈಟ್, ಮರ ಎಂಬ ಭೇದ ಆ ಪೆನ್ನಿಗಿಲ್ಲ.

ಇದು ತಿಳಿಯದೆ ನಾನು ಪೆಟ್ಟು ತಿಂದದ್ದುಂಟು. ಎರಡು ಮಹಡಿಯ ಮನೆ, ಹೊರಗೆಲ್ಲ ಗಾರೆಯಿಲ್ಲದ ವೈರ್‌ಕಟ್ ಇಟ್ಟಿಗೆ. ಟೆಂಪ್ಲೇಟ್ ಮಾಡಿದ ಪುಣ್ಯಾತ್ಮರು 1ನೇ ಪೆನ್ನಿಗೂ 0.25 ಕೊಟ್ಟಿದ್ದರು, ಸ್ಕ್ರೀನಿನ ಮೇಲೆ ಎಲ್ಲ ಚೆನ್ನಾಗಿಯೇ ಇತ್ತು. ಪ್ರಿಂಟ್ ತಂದು ಮನೆಯ ಯಜಮಾನರ ಮುಂದೆ ಹರಡಿದಾಗ ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದ್ದು: "ಏನ್ ಸಾರ್, ಗೋಡೆಗೆಲ್ಲ ಕರೀ ಕಲ್ಲು ಹಾಕ್ತೀರಾ?"

ಸಂಶಯ

ಹಾಗಾದರೆ ಆ ದಪ್ಪ ಯಾರ ಸ್ವತ್ತು? ಮೆಟೀರಿಯಲ್‌ನದೋ, ಪ್ಯಾಟರ್ನಿನದೋ, ನಕ್ಷೆಯದೋ? ಒಡೆಯ ಯಾರೆಂದು ಗೊತ್ತಾದರೆ ಹಿಡಿತ ಎಲ್ಲಿರಬೇಕು ಎಂಬುದೂ ಗೊತ್ತಾಗುತ್ತದೆ.

ಪೂರ್ವಪಕ್ಷ

ದಪ್ಪ ಮೆಟೀರಿಯಲ್‌ನದೇ ಎನ್ನುವವರು ಬಹಳ ಮಂದಿ, ಅವರ ಮಾತಿನಲ್ಲಿ ಸತ್ವವೂ ಇದೆ. ಇಟ್ಟಿಗೆಯ ಬಣ್ಣ ಮೆಟೀರಿಯಲ್‌ನಲ್ಲಿದೆ, ವರಸೆಯ ಎತ್ತರ ಅದರಲ್ಲೇ ಇದೆ, ಹೊಳಪು ಅದರಲ್ಲೇ ಇದೆ. ಇಷ್ಟೆಲ್ಲ ಇದ್ದ ಮೇಲೆ ಸಂದಿನ ಗೆರೆ ಮಾತ್ರ ಏಕೆ ಅನಾಥವಾಗಬೇಕು? ಎರಡು ಇಟ್ಟಿಗೆಗಳ ನಡುವಿನ ಗಾರೆಗೆ ನಿಜಕ್ಕೂ ದಪ್ಪವಿದೆ, ಸಾಮಾನ್ಯವಾಗಿ 10 ಮಿ.ಮೀ. ಚಪ್ಪಡಿಕಲ್ಲಿನ ಸಂದು ಕೂದಲೆಳೆ, ಒರಟು ಕಲ್ಲಿನದು ಬೆರಳಗಲ. ಕಣ್ಣಿಗೆ ಕಾಣುವ ಈ ಭೇದವನ್ನು ಒಂದೇ ಪೆನ್ನಿಗೆ ಕಟ್ಟಿಹಾಕುವುದು ಸಾಫ್ಟ್‌ವೇರ್ ಮಾಡಿದವರ ಸೋಮಾರಿತನ. ಇದು ಪೂರ್ವಪಕ್ಷದ ಬಲವಾದ ರೂಪ. ದುರ್ಬಲ ರೂಪವೂ ಒಂದಿದೆ, "ಬೇರೆ ಸಾಫ್ಟ್‌ವೇರಿನಲ್ಲಿ ಇದೆಯಲ್ಲ" ಎಂಬುದು. ಅದನ್ನು ಆಮೇಲೆ ನೋಡೋಣ.

ಸಿದ್ಧಾಂತ

ದಪ್ಪ ಮೆಟೀರಿಯಲ್‌ನದಲ್ಲ, ಪ್ಯಾಟರ್ನಿನದೂ ಅಲ್ಲ. ಇಂತಿಷ್ಟು ಸ್ಕೇಲಿನಲ್ಲಿ, ಇಂಥ ಕಾಗದದ ಮೇಲೆ ಬರುವ ನಕ್ಷೆಯದು. ಇದಕ್ಕೆ ಮೂರು ಪ್ರಮಾಣ ಕೊಡುತ್ತೇನೆ. ಮೂರರಲ್ಲಿ ನನಗೆ ಮುಖ್ಯವಾದುದು ಎರಡನೆಯದು.

ಮೊದಲನೆಯದು ಪ್ಯಾಟರ್ನನ್ನು ಬರೆದಿಡುವ ಪ್ಯಾಟ್ ಫೈಲಿನ ಸಾಕ್ಷ್ಯ. ಆಟೊಕ್ಯಾಡ್‌ನಿಂದ ಬಂದು ರೆವಿಟ್‌ನಲ್ಲೂ ಉಳಿದಿರುವ ಈ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಇಟ್ಟಿಗೆಯ ಅಡ್ಡಗೆರೆ "0, 0,0, 0,100" ಎಂಬಂತೆ ಕಾಣುತ್ತದೆ. ಮೊದಲ ಅಂಕಿ ಕೋನ, ನಂತರದ ಎರಡು ಆರಂಭದ ಬಿಂದು, ಕೊನೆಯ ಎರಡು ಮುಂದಿನ ಗೆರೆ ಎಷ್ಟು ಸರಿಯಬೇಕು, ಎಷ್ಟು ದೂರ ನಿಲ್ಲಬೇಕು ಎಂಬುದು. ತುಂಡುಗೆರೆಯಾದರೆ ಮುಂದೆ ತುಂಡಿನ ಅಳತೆಗಳು. ಅಷ್ಟೇ. ದಪ್ಪಕ್ಕೆ ಜಾಗವೇ ಇಲ್ಲ. ಪ್ಯಾಟರ್ನ್ ಎಂದರೆ ಗೆರೆ ಎಲ್ಲಿದೆ ಎಂಬ ಹೇಳಿಕೆ, ಗೆರೆ ಎಂಥದು ಎಂಬುದಲ್ಲ.

ಎರಡನೆಯದು ಲೆಕ್ಕ. ಕಣ್ಣು ಪ್ಯಾಟರ್ನನ್ನು ಗೆರೆಗೆರೆಯಾಗಿ ಓದುವುದಿಲ್ಲ, ಒಂದು ಛಾಯೆಯಾಗಿ ನೋಡುತ್ತದೆ. ಆ ಛಾಯೆ ಎಷ್ಟು ಕಪ್ಪು ಎಂಬುದು ಗೆರೆಯ ದಪ್ಪವನ್ನು ಗೆರೆಗಳ ನಡುವಿನ ಅಂತರದಿಂದ ಭಾಗಿಸಿದಾಗ ಬರುವ ಸಂಖ್ಯೆ. ನಮ್ಮ ಮಾಡ್ಯುಲರ್ ಇಟ್ಟಿಗೆ 190×90×90 ಮಿ.ಮೀ.; ಗಾರೆ ಸೇರಿದರೆ ಉದ್ದ 200, ಎತ್ತರ 100. 1:100ರಲ್ಲಿ ವರಸೆಗಳ ಅಂತರ ಕಾಗದದ ಮೇಲೆ 1 ಮಿ.ಮೀ., ನಿಲುವು ಸಂದುಗಳದು 2 ಮಿ.ಮೀ. 0.13ರ ಪೆನ್ನಿನಲ್ಲಿ ಎಳೆದರೆ ಅಡ್ಡಗೆರೆಗಳು ಕಾಗದದ ಶೇ. 13ರಷ್ಟನ್ನು, ನಿಲುವುಗೆರೆಗಳು ಶೇ. 6.5ರಷ್ಟನ್ನು ಮುಚ್ಚುತ್ತವೆ, ಒಂದರ ಮೇಲೊಂದು ಬಿದ್ದದ್ದನ್ನು ಕಳೆದರೆ ಒಟ್ಟು ಶೇ. 19ಕ್ಕೆ ತುಸು ಕಡಿಮೆ. ಹಿತವಾದ ಬೂದು. ಅದೇ ಪೆನ್ನನ್ನು 1:200ಕ್ಕೆ ಒಯ್ದರೆ ಅಂತರಗಳು ಅರ್ಧವಾಗುತ್ತವೆ, ಮುಚ್ಚಿದ ಜಾಗ ಶೇ. 35 ದಾಟುತ್ತದೆ. 1:50ಕ್ಕೆ ತಂದರೆ ಶೇ. 10ರ ಒಳಗೆ. ಇಟ್ಟಿಗೆ ಬದಲಾಗಿಲ್ಲ, ಪ್ಯಾಟರ್ನ್ ಬದಲಾಗಿಲ್ಲ, ಪೆನ್ನೂ ಬದಲಾಗಿಲ್ಲ. ಗೋಡೆ ಮಾತ್ರ ಬಿಳಿಯಿಂದ ಕಪ್ಪಿಗೆ ನಡೆದುಬಿಟ್ಟಿತು. ಮೆಟೀರಿಯಲ್‌ನಲ್ಲಿ 0.13 ಎಂದು ಬರೆದಿಡಲು ಒಂದು ಖಾನೆ ಇದ್ದಿದ್ದರೆ, ಆ ಒಂದು ಸಂಖ್ಯೆ ಮೂರು ಶೀಟುಗಳಲ್ಲಿ ಎರಡನ್ನು ಕೆಡಿಸುತ್ತಿತ್ತು. ಚುಕ್ಕಿ ಒತ್ತಾಗಿಟ್ಟ ದಿನ ಎಳೆ ಸಣ್ಣದಾಗಬೇಕು ಎಂದು ಬಾಗಿಲಲ್ಲಿ ರಂಗೋಲಿ ಇಡುವವರು ಲೆಕ್ಕವಿಲ್ಲದೆಯೇ ಬಲ್ಲರು. (ನನ್ನ 0.25ರ ಮನೆ? ಶೇ. 34. ಯಜಮಾನರ ಕಣ್ಣಿನಲ್ಲಿ ತಪ್ಪಿರಲಿಲ್ಲ.)

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ, ಮಂಗಳೂರು ಹೆಂಚಿನ ಮಾಡು ಬಿಡಿಸುವವರು ಇದನ್ನು ದಿನವೂ ಕಾಣುತ್ತಾರೆ. ಹೆಂಚಿನ ಸಾಲುಗಳ ಅಂತರ ಮಾಡಿನ ಇಳಿಜಾರಿನ ಮೇಲೆ 320 ಮಿ.ಮೀ. ಎಂದಿಟ್ಟುಕೊಳ್ಳೋಣ, ಇಳಿಜಾರು 30 ಡಿಗ್ರಿ. 1:100ರ ಪ್ಲಾನಿನಲ್ಲಿ ಮೇಲಿನಿಂದ ನೋಡಿದಾಗ ಸಾಲುಗಳು ಸುಮಾರು 2.8 ಮಿ.ಮೀ. ಅಂತರದಲ್ಲಿ ಬೀಳುತ್ತವೆ. ಎಲಿವೇಶನ್‌ನಲ್ಲಿ ಅದೇ ಸಾಲುಗಳು 1.6 ಮಿ.ಮೀ.ಗೆ ಕುಗ್ಗುತ್ತವೆ. ಒಂದೇ ಹೆಂಚು, ಒಂದೇ ಸ್ಕೇಲು, ಒಂದೇ ಶೀಟು. ಆದರೂ ಎಲಿವೇಶನ್‌ನ ಮಾಡು ಪ್ಲಾನಿನ ಮಾಡಿಗಿಂತ ಹೆಚ್ಚು ಕಪ್ಪು. ಇಳಿಜಾರು ಕಡಿಮೆಯಾದಷ್ಟೂ ಎಲಿವೇಶನ್ ಇನ್ನಷ್ಟು ಗಾಢ. ಹೆಂಚಿನ ಮೆಟೀರಿಯಲ್‌ಗೆ ಯಾವ ದಪ್ಪ ಕೊಟ್ಟರೆ ಎರಡೂ ಕಡೆ ಒಪ್ಪುತ್ತದೆ? ಯಾವುದೂ ಇಲ್ಲ. ನೋಡುವ ಕೋನವೂ ದಪ್ಪದ ಮಾತಿನಲ್ಲಿ ಪಾಲುದಾರ ಅಂದ ಮೇಲೆ, ವಸ್ತುವೊಂದನ್ನೇ ಒಡೆಯ ಎನ್ನುವ ವಾದ ಇಲ್ಲಿಗೆ ಮುರಿದುಬಿತ್ತು ಎಂದೇ ನನ್ನ ಎಣಿಕೆ.

ಮೂರನೆಯದು ಶಿಷ್ಟಾಚಾರ. ಕೈನಕ್ಷೆಯ ಕಾಲದ ಇಂಕ್ ಪೆನ್ನುಗಳ ಅಳತೆ ನೆನಪಿಸಿಕೊಳ್ಳಿ: 0.13, 0.18, 0.25, 0.35, 0.5, 0.7, 1.0. ಒಂದೊಂದೂ ಹಿಂದಿನದಕ್ಕಿಂತ ಎರಡರ ವರ್ಗಮೂಲದಷ್ಟು, ಅಂದರೆ ಸುಮಾರು 1.4 ಪಟ್ಟು ದೊಡ್ಡದು. ಎ4, ಎ3, ಎ2, ಎ1 ಕಾಗದಗಳ ಬದಿಗಳೂ ಅದೇ 1.4ರ ಹೆಜ್ಜೆಯಲ್ಲೇ ಬೆಳೆಯುತ್ತವೆ. ಎ1ರ ನಕ್ಷೆಯನ್ನು ಎ2ಕ್ಕೆ ಇಳಿಸಿದರೆ 0.5ರ ಗೆರೆ 0.35 ಆಗುತ್ತದೆ, ಅದಕ್ಕೂ ಒಂದು ಪೆನ್ನು ಡಬ್ಬಿಯಲ್ಲಿದೆ. ಚಿಕ್ಕದಾದ ನಕ್ಷೆಯನ್ನು ಅದೇ ಪೆನ್ನಿನಿಂದ ತಿದ್ದಬಹುದು. ಪೆನ್ನಿನ ಅಳತೆ ನಿಗದಿ ಮಾಡಿದವರು ಕಾಗದವನ್ನು ನೋಡಿ ನಿಗದಿ ಮಾಡಿದರು. ಇಟ್ಟಿಗೆಗೊಂದು ಪೆನ್ನು, ಗ್ರಾನೈಟಿಗೊಂದು ಪೆನ್ನು ಎಂದು ಯಾವ ಡಬ್ಬಿಯಲ್ಲೂ ಇರಲಿಲ್ಲ.

ಆಕ್ಷೇಪಗಳು

ಆಕ್ಷೇಪ: ಗಾರೆಗೆ 10 ಮಿ.ಮೀ. ದಪ್ಪವಿದೆ ಎಂದ ಮಾತಿಗೆ ಉತ್ತರ ಬರಲಿಲ್ಲ. 1:100ರಲ್ಲಿ ಅದು 0.1 ಮಿ.ಮೀ., ಪೆನ್ನಿನ ಗೆರೆಯಷ್ಟೇ. ಅಂದಮೇಲೆ ಗೆರೆಯೇ ಗಾರೆ.

ಸಮಾಧಾನ: 1:100ರಲ್ಲಿ ಹಾಗೆ ಕಾಣುವುದು ಕಾಕತಾಳೀಯ. 1:20ಕ್ಕೆ ಬನ್ನಿ, ಗಾರೆ 0.5 ಮಿ.ಮೀ. ಆಗುತ್ತದೆ. ಗೆರೆಯೇ ಗಾರೆಯಾದರೆ ಇಲ್ಲಿ ಸಂದುಗಳನ್ನು 0.5ರ ಕರಿಗೆರೆಯಿಂದ ಎಳೆಯಬೇಕು, ಅಂದರೆ ಕತ್ತರಿಸಿದ ಗೋಡೆಯ ಹೊರರೇಖೆಯಷ್ಟು ಗಟ್ಟಿ. ಯಾವ ಡ್ರಾಫ್ಟ್ಸ್‌ಮನ್ನೂ ಹಾಗೆ ಎಳೆಯಲಾರ. ಸಂದನ್ನು ಎರಡು ಸಣ್ಣ ಗೆರೆಗಳಾಗಿ, ನಡುವೆ ಬಿಳಿ ಬಿಟ್ಟು ತೋರಿಸುತ್ತಾನೆ. ಗೆರೆ ಸಂದಿನ ಚಿಹ್ನೆ, ಸಂದಿನ ಅಳತೆಯಲ್ಲ. ಅಳತೆ ತೋರಿಸುವಷ್ಟು ಹತ್ತಿರ ಹೋದಾಗ ಚಿಹ್ನೆ ಪಕ್ಕಕ್ಕೆ ಸರಿದು ವಸ್ತುವಿನ ಆಕಾರವೇ ಬರುತ್ತದೆ. ಆಗ ಪ್ಯಾಟರ್ನಿನ ಕೆಲಸ ಮುಗಿಯಿತು.

ಆಕ್ಷೇಪ: ಆರ್ಕಿಕ್ಯಾಡ್‌ನಲ್ಲಿ ಪ್ಯಾಟರ್ನಿಗೆ ಪೆನ್ನು ಕೊಡಬಹುದು. ಆಟೊಕ್ಯಾಡ್‌ನಲ್ಲಿ ಹ್ಯಾಚಿಗೆ ಬೇಕಾದ ಲೈನ್‌ವೇಯ್ಟ್ ಇಡಬಹುದು. ಇಲ್ಲದಿರುವುದು ರೆವಿಟ್‌ನಲ್ಲಿ ಮಾತ್ರ.

ಸಮಾಧಾನ: ಈ ಎರಡೂ ದೃಷ್ಟಾಂತಗಳು ಸಿದ್ಧಾಂತದ ಕಡೆಗೇ ವಾಲುತ್ತವೆ. ಬುಡಾಪೆಸ್ಟಿನ ಗ್ರಾಫಿಸಾಫ್ಟ್ ಮಾಡಿದ ಆರ್ಕಿಕ್ಯಾಡ್‌ನಲ್ಲಿ ಪ್ಯಾಟರ್ನಿಗೆ ಕೊಡುವುದು ಪೆನ್ನಿನ ಸಂಖ್ಯೆಯನ್ನು. ಆ ಸಂಖ್ಯೆಗೆ ಎಷ್ಟು ದಪ್ಪ ಎಂಬುದು 255 ಪೆನ್ನುಗಳ ಪೆನ್‌ಸೆಟ್ಟಿನಲ್ಲಿದೆ, ಮತ್ತು ಒಂದೊಂದು ವ್ಯೂಗೂ ಬೇರೆ ಬೇರೆ ಪೆನ್‌ಸೆಟ್ ತೊಡಿಸಬಹುದು. ಮಿಲಿಮೀಟರಿನ ತೀರ್ಮಾನ ಅಲ್ಲೂ ನಕ್ಷೆಯ ಕೈಯಲ್ಲೇ. ಆಟೊಕ್ಯಾಡ್‌ನ ಹ್ಯಾಚ್‌ಗೆ ಇಟ್ಟಿಗೆ ಎಂದರೇನೆಂದೇ ಗೊತ್ತಿಲ್ಲ. ಅದು ಆ ನಕ್ಷೆಯ ಮೇಲೆ ಎಳೆದ ಗೆರೆಗಳ ಗುಂಪು. ಅಂದರೆ ಮೂರೂ ಕಡೆ ಒಡೆಯ ಒಬ್ಬನೇ. ಭೇದ ಇರುವುದು ಎಷ್ಟು ಪೆನ್ನುಗಳನ್ನು ಕೈಗೆ ಕೊಟ್ಟಿದ್ದಾರೆ ಎಂಬಲ್ಲಿ. ಅದರಲ್ಲಿ ಆರ್ಕಿಕ್ಯಾಡ್ ಉದಾರಿ, ರೆವಿಟ್ ಜುಗ್ಗ. ಇದನ್ನು ಒಪ್ಪಲೇಬೇಕು.

ಆಕ್ಷೇಪ: ಒಪ್ಪಿದಿರಲ್ಲ! ಒಂದೇ ಎಲಿವೇಶನ್‌ನಲ್ಲಿ ಇಟ್ಟಿಗೆಯ ಗೋಡೆಯೂ 600×1200ರ ಗ್ರಾನೈಟ್ ಹೊದಿಕೆಯ ಗೋಡೆಯೂ ಇವೆ. ಎರಡೂ ಗೋಡೆಗಳೇ, ಎರಡಕ್ಕೂ ಒಂದೇ ಪೆನ್ನು. ನಿಮ್ಮದೇ ಲೆಕ್ಕದಲ್ಲಿ ಇಟ್ಟಿಗೆ ಶೇ. 19 ಕಪ್ಪಾದರೆ ಗ್ರಾನೈಟ್ ಶೇ. 3 ಚಿಲ್ಲರೆ. ಒಂದು ಎದ್ದು ಕೂಗುತ್ತದೆ, ಇನ್ನೊಂದು ಕಾಣುವುದೇ ಇಲ್ಲ.

ಸಮಾಧಾನ: ಈ ಆಕ್ಷೇಪ ಅರ್ಧ ನಿಲ್ಲುತ್ತದೆ. ಒಂದೇ ನಕ್ಷೆಯೊಳಗೆ ಎರಡು ಪ್ಯಾಟರ್ನುಗಳಿಗೆ ಎರಡು ದಪ್ಪ ಬೇಕಾಗುವುದು ನ್ಯಾಯವೇ, ರೆವಿಟ್ ಅದಕ್ಕೆ ನೇರ ದಾರಿ ಕೊಟ್ಟಿಲ್ಲ. ಆದರೆ ಇಲ್ಲೂ ಬೇಕಾದದ್ದು ಮೆಟೀರಿಯಲ್‌ಗೆ ದಪ್ಪವಲ್ಲ, ವ್ಯೂನಲ್ಲಿ ಪ್ಯಾಟರ್ನಿಗೆ ಪೆನ್ನು. ಅದು ಬರುವವರೆಗೆ ಕೈಯಲ್ಲಿರುವ ಸಾಧನ ಬಣ್ಣ. ಪೆನ್ನನ್ನು ಗ್ರಾನೈಟಿಗೆ ಸರಿಹೋಗುವ ಹಾಗೆ ಇಟ್ಟು ಇಟ್ಟಿಗೆಯ ಗೆರೆಗೆ ಬೂದುಬಣ್ಣ ಕೊಟ್ಟರೆ ಎರಡೂ ಹದಕ್ಕೆ ಬರುತ್ತವೆ. ಒಂದು ಎಚ್ಚರ ಮಾತ್ರ. ಕಪ್ಪು ಶಾಯಿಯ ಪ್ಲಾಟರ್ ಬೂದು ಗೆರೆಯನ್ನು ಬೂದಾಗಿ ಎಳೆಯುವುದಿಲ್ಲ, ಕಪ್ಪು ಚುಕ್ಕಿಗಳಾಗಿ ಒಡೆಯುತ್ತದೆ. ತೀರ ತಿಳಿಯಾದ ಬೂದು, ತೀರ ಸಣ್ಣ ಗೆರೆ ಎರಡೂ ಸೇರಿದರೆ ಗೆರೆಯ ಬದಲು ಧೂಳು ಬೀಳುತ್ತದೆ.

ಕೆಲವರು ಪ್ಯಾಟ್ ಫೈಲಿನಲ್ಲೇ ಜೋಡಿಗೆರೆ ಬರೆದು ದಪ್ಪ ಹುಟ್ಟಿಸುತ್ತಾರೆ: ಪ್ರತಿ ಗೆರೆಯ ಪಕ್ಕಕ್ಕೆ ಕೂದಲಿನಷ್ಟು ದೂರದಲ್ಲಿ ಇನ್ನೊಂದು. ಜಾಣತನವೇ. ಆದರೆ ಮಾಡೆಲ್ ಪ್ಯಾಟರ್ನಿನಲ್ಲಿ ಆ ದೂರವೂ ಕಟ್ಟಡದ ಅಳತೆಯಲ್ಲಿರುತ್ತದೆ. 1:100ರಲ್ಲಿ ಒಂದಾಗಿ ಕಂಡ ಜೋಡಿ 1:20ರಲ್ಲಿ ಬೇರ್ಪಟ್ಟು ನಗುತ್ತದೆ. ಡ್ರಾಫ್ಟಿಂಗ್ ಪ್ಯಾಟರ್ನಿನಲ್ಲಿ ಮಾಡಿದರೆ ಜೋಡಿ ಬೇರ್ಪಡುವುದಿಲ್ಲ, ಅದು ಕಾಗದದ ಅಳತೆಗೆ ಅಂಟಿದ್ದು; ಆದರೆ ಆಗ ಇಟ್ಟಿಗೆಯ ಎತ್ತರವೂ ಕಾಗದಕ್ಕೆ ಅಂಟಿಕೊಂಡು, ಎಲಿವೇಶನ್‌ನಲ್ಲಿ ವರಸೆ ಎಣಿಸುವ ಮೇಸ್ತ್ರಿಗೆ ಸುಳ್ಳು ಲೆಕ್ಕ ಸಿಗುತ್ತದೆ. ನಾನು ಇದನ್ನು ಕೈಬಿಟ್ಟಿದ್ದೇನೆ.

ಆಕ್ಷೇಪ: ಪ್ಲಿಂತಿನ ಮೇಲಿನ ಒಂದು ವರಸೆ, ಕಲ್ಲಿನ ನಡುವಿನ ಒಂದು ನೆರಳುಸಂದು, ಇವನ್ನು ಎತ್ತಿ ತೋರಿಸಬೇಕು. ಆಗಲಾದರೂ ಪ್ಯಾಟರ್ನಿನ ಗೆರೆ ದಪ್ಪವಾಗಬೇಡವೇ?

ಸಮಾಧಾನ: ಬೇಡ. ಎತ್ತಿ ತೋರಿಸಬೇಕಾದದ್ದು ಪ್ಯಾಟರ್ನಿನೊಳಗೆ ಇರಬಾರದು. ಇಪ್ಪತ್ತು ಮಿಲಿಮೀಟರಿನ ನೆರಳುಸಂದು ಕಟ್ಟಡದಲ್ಲಿ ನಿಜವಾದ ತೋಡು. ಅದನ್ನು ಗೋಡೆಯಲ್ಲಿ ತೋಡಾಗಿಯೇ ಕೊರೆಯಿರಿ, ಅಂಚುಗಳು ತಾವಾಗಿ ತಮ್ಮ ಪೆನ್ನು ಹಿಡಿಯುತ್ತವೆ. ಬೆಂಗಳೂರಿನ ಐಐಎಂ ಕಟ್ಟಡಗಳಲ್ಲಿ ಬಿ. ವಿ. ದೋಶಿ ಬಳಸಿದ ಒರಟು ಕಲ್ಲಿನ ಗೋಡೆಯಂಥದ್ದಕ್ಕಂತೂ ಪ್ಯಾಟರ್ನಿನ ದಪ್ಪ ಎಷ್ಟಿದ್ದರೂ ಸಾಲದು. ನಿಜವಾದ ಗೋಡೆಯಲ್ಲಿ ಒಂದು ಕಲ್ಲು ಇನ್ನೊಂದರಂತಿಲ್ಲ, ಪ್ಯಾಟ್ ಫೈಲಿನಲ್ಲಿ ಅದೇ ಹತ್ತು ಕಲ್ಲು ಮತ್ತೆ ಮತ್ತೆ ಬರುತ್ತವೆ. ಗೆರೆ ದಪ್ಪವಾದಷ್ಟೂ ಆ ಪುನರಾವೃತ್ತಿ ಬೇಗ ಸಿಕ್ಕಿಬೀಳುತ್ತದೆ.

ಆಕ್ಷೇಪ: ಸ್ಕ್ರೀನಿನ ಮೇಲೆ ಸರಿ ಕಾಣುವ ಹಾಗೆ ಮಾಡಿದರೆ ಸಾಲದೇ? ಈಗ ಪ್ರಿಂಟ್ ತೆಗೆಯುವವರು ಯಾರು?

ಸಮಾಧಾನ: ಮಂಜೂರಾತಿಗೆ ಈಗ ಪಿಡಿಎಫ್ ಸಾಕಾಗಬಹುದು, ಸೈಟಿಗೆ ಸಾಲದು. ಇನ್ನು ಸ್ಕ್ರೀನ್ ನಂಬಿಕೆಗೆ ಯೋಗ್ಯವೂ ಅಲ್ಲ. ಇಂಚಿಗೆ 96 ಬಿಂದುಗಳ ಸ್ಕ್ರೀನಿನಲ್ಲಿ ಒಂದು ಬಿಂದು 0.26 ಮಿ.ಮೀ.; 0.13ರ ಗೆರೆಗೂ 0.25ರ ಗೆರೆಗೂ ಅದು ಅದೇ ಒಂದು ಬಿಂದು ಕೊಡುತ್ತದೆ. ರೆವಿಟ್‌ನ ಥಿನ್ ಲೈನ್ಸ್ ಗುಂಡಿ ಒತ್ತಿದ್ದರೆ ಎಲ್ಲ ಗೆರೆಯೂ ಒಂದೇ, ಪ್ರಿಂಟಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಪ್ಲಾಟರಿನದು ಬೇರೆ ಕಥೆ. ಇಂಚಿಗೆ 600 ಚುಕ್ಕಿಯಾದರೆ ಒಂದು ಚುಕ್ಕಿ 0.042 ಮಿ.ಮೀ. ಎ1ರ ಶೀಟನ್ನು ಅರ್ಧಕ್ಕಿಳಿಸಿ ಎ3ಯಲ್ಲಿ ತೆಗೆದಾಗ 0.13ರ ಗೆರೆ 0.065 ಆಗುತ್ತದೆ, ಅಂದರೆ ಒಂದೂವರೆ ಚುಕ್ಕಿ. ಒಂದೂವರೆ ಚುಕ್ಕಿ ಎಂಬುದು ಇಲ್ಲ. ಯಂತ್ರ ಎರಡು ಹಾಕಿದರೆ, ಅಂತರ ಅರ್ಧವಾದ ಮೇಲೂ ಗೆರೆ ಅರ್ಧವಾಗಲಿಲ್ಲ, ಗೋಡೆ ಮತ್ತೆ ಕಪ್ಪೇರಿತು. ಶಾಯಿ ಕಾಗದದಲ್ಲಿ ಹರಡುವುದು ಬೇರೆ.

ನಿರ್ಣಯ

ರೆವಿಟ್‌ನಲ್ಲಿ 1ನೇ ಪೆನ್ನು ಪ್ಯಾಟರ್ನಿಗೆ ಮೀಸಲು. ಅಂಚು, ಪೀಠೋಪಕರಣ, ಗಿಡಮರ ಎಲ್ಲ 2ರಿಂದ ಮೇಲಕ್ಕೆ ಹೋಗಲಿ. ಇಲ್ಲದಿದ್ದರೆ ಇಟ್ಟಿಗೆಯನ್ನು ತೆಳುಗೊಳಿಸಲು ಹೋಗಿ ಬಾಗಿಲನ್ನೂ ತೆಳುಗೊಳಿಸುತ್ತೀರಿ. 1ನೇ ಪೆನ್ನಿಗೆ ಎಲ್ಲ ಸ್ಕೇಲಿಗೂ ಒಂದೇ ಅಳತೆ ಬರೆಯುವುದು ತಪ್ಪು: 1:50ಕ್ಕೆ 0.18, 1:100ಕ್ಕೆ 0.13, 1:200ಕ್ಕೆ 0.09 ಇಟ್ಟರೆ ಛಾಯೆಗಳ ನಡುವಿನ ಅಂತರ ಸಾಕಷ್ಟು ತಗ್ಗುತ್ತದೆ. 1:500ರಲ್ಲಿ ಇಟ್ಟಿಗೆಯ ವರಸೆ 0.2 ಮಿ.ಮೀ.; ಅಲ್ಲಿ ಪೆನ್ನಿನ ಮಾತೇ ಬೇಡ, ವ್ಯೂ ಟೆಂಪ್ಲೇಟಿನಲ್ಲಿ ಪ್ಯಾಟರ್ನನ್ನೇ ಮರೆಮಾಡಿಬಿಡಿ. ಕತ್ತರಿಸಿದ ಗೋಡೆಯೊಳಗಿನ ಪ್ಯಾಟರ್ನಿಗೆ ಇಷ್ಟು ತಲೆಬಿಸಿಯಿಲ್ಲ. ಮೆಟೀರಿಯಲ್‌ನಲ್ಲಿ ಅದು ಡ್ರಾಫ್ಟಿಂಗ್ ಜಾತಿಯದೇ ಆಗಿರಬೇಕಾದ್ದರಿಂದ ಅದರ ಅಂತರ ಸ್ಕೇಲಿನೊಂದಿಗೆ ಕುಣಿಯುವುದಿಲ್ಲ.

ಟೆಂಪ್ಲೇಟ್ ಮಾಡುವ ಸ್ನೇಹಿತರಲ್ಲಿ ಒಂದು ಕೋರಿಕೆ. ಅದನ್ನು ಆಫೀಸಿಗೆಲ್ಲ ಹಂಚುವ ಮುನ್ನ, ಇಟ್ಟಿಗೆ, ಗ್ರಾನೈಟ್, ಹೆಂಚು ಮೂರೂ ಇರುವ ಒಂದು ಎಲಿವೇಶನ್‌ನ ಎ4ರಷ್ಟು ತುಂಡನ್ನು 1:50, 1:100, 1:200ರಲ್ಲಿ ನೀವು ನಿತ್ಯ ಬಳಸುವ ಪ್ಲಾಟರಿನಲ್ಲೇ ತೆಗೆದು, ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ.